ಚೀರಿದ್ರ ಹಾಡು ಆಗಂಗಿಲ್ರೀ

ಅಕ್ಕಾರ, ವೈನಿ, ಸಿಟ್ಟಾಗಬ್ಯಾಡ್ರಿ, ಇವತ್ತ ಜಗಳಾ ತಗ್ಯಾಕನ ಕುಂತೀನಿ. ಗಣಪತಿ ಹಬ್ಬ ಹತ್ರ ಬಂತು. ನಮ್ಮ ರಾಮನಗರದ ಓಣಿಯಾಗ ಮತ್ತ ಶುರು ಆಗ್ತದ: “ಜೋರಾಗಿ ಹಾಡ ಪುಟ್ಟಿ, ಹಿಂದ ಕುಂತವರಿಗೂ ಕೇಳಬೇಕು!” ಹೋದ ವರ್ಷ ಹಂಗ ಅಂದಾಕಿ ನಾನ.

ಮಗಳಿಗೆ ಆಗ ಒಂಬತ್ತು ವರ್ಷ. ಮೊಬೈಲಿನ್ಯಾಗ ಕರೋಕೆ ಹಚ್ಚಿ ದಿನಾ ಎರಡು ತಾಸು ಸಿನಿಮಾ ಹಾಡು. ಮ್ಯಾಲಿನ ಸ್ವರಕ್ಕ ಕುತ್ತಿಗಿ ನರ ಉಬ್ಬತಿದ್ವು, ನಾವು ಚಪ್ಪಾಳಿ ಹೊಡೀತಿದ್ವಿ. ಬಹುಮಾನ ಬಂತು, ದನಿ ಹೋತು. ಮೂರು ವಾರ ಆದ್ರೂ ಒಡಕ ದನಿನ. ಬೆಳಗಾವಿಯೊಳಗ ಗಂಟಲಿನ ಡಾಕ್ಟರಿಗೆ ತೋರಿಸಿದ್ರ, ಧ್ವನಿತಂತುವಿನ ಮ್ಯಾಲೆ ಸಣ್ಣ ಗಂಟು ಅಂದ್ರು. ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟತದಲ್ಲ, ಹಂಗ ಚೀರಿ ಚೀರಿ ತಂತು ಒಂದಕ್ಕೊಂದು ಬಡದು ಗಂಟಾಗ್ತದಂತ. ಆಪರೇಷನ್ ಬ್ಯಾಡ, ಚೀರೂದು ಬಿಡಿಸ್ರಿ ಅಂದ್ರು. ಪಿಸುಮಾತೂ ಬ್ಯಾಡಂತ, ಅದೂ ಗಂಟಲಿಗೆ ಭಾರ. ಮಗಳು ಪಾಟಿ ಮ್ಯಾಲೆ ಬರದು ಕೇಳಿದ್ಲು: “ಅವ್ವಾ, ನನ್ನ ದನಿ ತಿರುಗಿ ಬರ್ತದೇನು?” ಏನ ಹೇಳ್ಲಿ?

ನೀವಂತೀರಿ, ದೊಡ್ಡ ಗಾಯಕರು ಕಷ್ಟಪಡಲಿಲ್ಲೇನು ಅಂತ. ಪಟ್ಟರು, ಖರೇ. ಆದ್ರ ಎಂಥಾ ಕಷ್ಟ? ನಮ್ಮ ಗಂಗೂಬಾಯಿ ಹಾನಗಲ್ ಅವರನ್ನ ನೋಡ್ರಿ. 1913ರಾಗ ಧಾರವಾಡದಾಗ ಹುಟ್ಟಿದವರು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಾಗ ಗಾಂಧೀಜಿ ಮುಂದ ಹಾಡಿದ ಹುಡುಗಿ. ಮುಂದ ಗಂಟಲಿನ ತ್ರಾಸಾಗಿ ಚಿಕಿತ್ಸಾ ಮಾಡಿಸಿದ ಮ್ಯಾಲೆ ಸಣ್ಣ ದನಿ ಹೋಗಿ ಗಂಡಸರಂಗ ದಪ್ಪ ಆತು. ಅವರು ಹಳೇ ದನಿ ಬೆನ್ನ ಹತ್ತಲಿಲ್ಲ, ಇದ್ದ ದನಿಯೊಳಗನ ಹಾಡಿದ್ರು. ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನ್ಯಾಗ ಹೋಗಿ ಸವಾಯಿ ಗಂಧರ್ವರ ಹತ್ರ ಕಲಿತರು. ಒಂದು ತಾನ ಸರಿಯಾಗೂತನಕ ಗುರುಗಳು ಮುಂದಿಂದು ಹೇಳಿಕೊಡತಿರಲಿಲ್ಲ. ಎಂಬತ್ತು ದಾಟಿದ್ರೂ ಹಾಡಿದ್ರು. ಕಷ್ಟ ಅಂದ್ರ ತಾಳ್ಮಿ, ಗಂಟಲಾ ಹರಕೊಳ್ಳೂದಲ್ಲ.

ಅದಕ್ಕ ಹೇಳ್ತೀನಿ. ಸಿನಿಮಾ ಹಾಡಿನ ಶ್ರುತಿ ಕೂಸಿಗೆ ಎತ್ತರ ಆದ್ರ ಮೊಬೈಲಿನ್ಯಾಗ ಇಳಸ್ರಿ. ಕೂಸಿನ ಷಡ್ಜ ಅದರ ಆರಾಮದ ಜಾಗಾದಾಗ ಇರ್ಲಿ. ಮೊದಲ ಮೆಲ್ಲಕ ಗುಂಯ್ ಅನ್ನಿಸ್ರಿ, ಆಮ್ಯಾಲೆ ಆಕಾರ. ಹದಿನೈದು ನಿಮಿಷ ಸಾಕು, ನಡುವ ನೀರು. ನೆಗಡಿ ಬಂದ್ರ ರಜಾ. ಹನ್ನೆರಡು-ಹದಿನಾಲ್ಕರ ಗಂಡ ಹುಡುಗರ ದನಿ ಒಡೀತದ, ನಗಬ್ಯಾಡ್ರಿ, ಕೆಳಗಿನ ಸ್ವರದಾಗ ಹಾಡ್ಲಿ. ಹಾಡಿನ ಅರ್ಥ ಮೊದಲ ಹೇಳ್ರಿ. ತಾಯಿ ಕರಿಯೂ ಹಾಡನ್ನ ತಾಯಿ ಕರದಂಗ ಹಾಡಬೇಕು, ಬಸ್ಸಿಗೆ ಕೂಗಿದಂಗಲ್ಲ.

ಮಗಳ ದನಿ ತಿರುಗಿ ಬಂದದ, ಸಣ್ಣಗ. ಈ ಗಣಪತಿಗೆ ಸಣ್ಣಗನ ಹಾಡ್ತಾಳ. ಹಿಂದ ಕೇಳಸದಿದ್ರ ನಾನು ಮುಂದ ಬಂದು ಕೂಡ್ತೀನಿ. ನೀವೂ ಬರ್ರಿ.