ಪಕ್ಕದ ಹೊಗೆಕೊಳವೆಯೂ ನಮ್ಮ ಜೀಪೂ

ಬೆಳೆಗಾರರ ಪತ್ರಿಕೆಯಲ್ಲಿ ಅಮೆರಿಕದ ಕಾರಿನ ಮಾತೇಕೆ ಎಂದು ಸದಸ್ಯ ಬಂಧುಗಳು ಹುಬ್ಬೇರಿಸಬಹುದು. ಕಾರಣವಿದೆ. ನಮ್ಮೂರಿನ ತರುಣ ಬೆಳೆಗಾರರೊಬ್ಬರು ತಮ್ಮ ತಂದೆಯ ಕಾಲದ ಜೀಪಿನ ಎರಡು ಪಕ್ಕಕ್ಕೂ ಹೊಳೆಯುವ ಹೊಗೆಕೊಳವೆ ಕೂರಿಸಲು ಹೊರಟಿದ್ದಾರೆ. "ಮಾವ, ನೀವು ಅಮೆರಿಕದಲ್ಲಿ ಇದನ್ನು ಕಣ್ಣಾರೆ ಕಂಡವರಲ್ಲವೇ? ಹೇಗಿರುತ್ತದೆ ಹೇಳಿ" ಎಂದು ಸಂತೆಯ ದಿನ ಕೇಳಿದರು. ಬೀದಿಯಲ್ಲಿ ನಿಂತು ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಬಲಗಾಲಿನ ಮೀನಖಂಡದ ಮೇಲೆ ಅಂಗೈ ಅಗಲದ ಕಂದು ಕಲೆಯೊಂದಿದೆ. ಈ ಲೇಖನಕ್ಕೆ ಅದೂ ಒಂದು ಕಾರಣ.

ಅಡಿಕೆಗೆ ಮೊದಲ ಸುತ್ತಿನ ಬೋರ್ಡೋ ಸಿಂಪಡಣೆ ಮುಗಿಸಿ, ಎರಡನೆಯ ಸುತ್ತನ್ನು ತಮ್ಮನಿಗೆ ಒಪ್ಪಿಸಿ, ಎರಡು ತಿಂಗಳ ಮಟ್ಟಿಗೆ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಪಕ್ಕದ ಮನೆಯ ಯಜಮಾನರು ನನ್ನ ಪ್ರಾಯದವರು. ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ದುಡಿದು ನಿವೃತ್ತರಾದವರು. ಅವರ ಶೆಡ್ಡಿನಲ್ಲಿ 1971ರ ಷೆವ್ರೊಲೆ ಕಾರ್ವೆಟ್ ಇತ್ತು. ಇಬ್ಬರೇ ಕೂರುವ, ನೆಲಕ್ಕೆ ಅಂಟಿದಂತಿರುವ ಓಟದ ಕಾರು; ಎಂಟು ಸಿಲಿಂಡರಿನ ಎಂಜಿನ್; ಮೈಯೆಲ್ಲ ತಗಡಲ್ಲ, ಫೈಬರ್‌ಗ್ಲಾಸ್. ಅದರ ಅಡಿಯ ಹಳೆಯ ಹೊಗೆಕೊಳವೆಗಳನ್ನು ತೆಗೆದು, ಬಾಗಿಲ ಕೆಳಗೆ ಎರಡು ಪಕ್ಕಕ್ಕೂ ಹೊಸ ಕೊಳವೆ ಕೂರಿಸುವ ಕೆಲಸಕ್ಕೆ ಅವರು ಕೈಹಾಕಿದ್ದರು. ಮಾಡಲು ಬೇರೆ ಕೆಲಸವಿಲ್ಲದ ನಾನು ಮೂರು ದಿನ ಸ್ಪ್ಯಾನರ್ ಎತ್ತಿಕೊಡುವ ಆಳಾದೆ.

ಇದು ಬರೀ ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಕಾರ್ವೆಟ್ ತಯಾರಕರೇ 1965ರಿಂದ 1967ರವರೆಗೆ, ಹೆಚ್ಚಿನ ಹಣ ಕೊಟ್ಟವರಿಗೆ ಪಕ್ಕದ ಕೊಳವೆ ಹಾಕಿ ಕೊಡುತ್ತಿದ್ದರು. 1969ರಲ್ಲಿ ಮತ್ತೊಮ್ಮೆ ಕೊಟ್ಟರು. ಆ ವರ್ಷದ 38,762 ಕಾರುಗಳಲ್ಲಿ 4,355ಕ್ಕೆ ಅದು ಇತ್ತು. ಆಮೇಲೆ ನಿಲ್ಲಿಸಿಬಿಟ್ಟರು. ಆದ್ದರಿಂದ 1971ರ ಕಾರಿನವರಿಗೆ ಬೇರೆ ಕಂಪನಿಗಳ ಮಾಲೇ ಗತಿ. ಅಂಥ ಮಾಲಿನಲ್ಲಿ ಒಂದೊಂದು ಪಕ್ಕಕ್ಕೆ ನಾಲ್ಕು ಕೊಳವೆಗಳು ಎಂಜಿನ್ನಿನಿಂದ ಹೊರಟು, ಮುಂದಿನ ಚಕ್ರದ ಹಿಂದೆ ಹೊರಬಂದು, ಒಂದೇ ದಪ್ಪ ಕೊಳವೆಯಲ್ಲಿ ಸೇರುತ್ತವೆ. ಸದ್ದು ತಗ್ಗಿಸುವ ಒಳಕೊಳವೆ ಅದರೊಳಗೇ ಇರುತ್ತದೆ. ಹೊಗೆ ಹಿಂದಿನ ಚಕ್ರದ ಮುಂದೆ ಹೊರಬೀಳುತ್ತದೆ.

ಇದರಿಂದ ಲಾಭವೇನು ಎಂದು ಕೇಳಿದೆ. ಹೊಗೆಯ ದಾರಿ ಸಲೀಸಾದರೆ ಎಂಜಿನ್ ಸರಾಗವಾಗಿ ಉಸಿರಾಡುತ್ತದೆ ಎಂದರು. ಮಾತು ನಿಜ. ಆದರೆ ಆ ಲಾಭ ಕಾಣುವುದು ಎಂಜಿನ್ ಬಹಳ ವೇಗವಾಗಿ ತಿರುಗುವಾಗ. ಊರೊಳಗೆ ನಿಧಾನಕ್ಕೆ ಓಡಿಸುವವನಿಗೆ ಹೆಚ್ಚೇನೂ ದಕ್ಕದು. ಹೊಗೆ ಸಲೀಸಾಗಿ ಹೋಗತೊಡಗಿದರೆ ಕಾರ್ಬುರೇಟರಿನಲ್ಲಿ ಪೆಟ್ರೋಲಿನ ಪಾಲು ಕಡಿಮೆ ಬಿದ್ದು, ಅದರ ಜೆಟ್ ಬದಲಿಸಬೇಕಾಗಿಯೂ ಬರಬಹುದು. ಕೊನೆಗೆ ಅವರೇ ನಕ್ಕು, "ನನಗೆ ಬೇಕಾದದ್ದು ಅದರ ದನಿ" ಎಂದು ಒಪ್ಪಿಕೊಂಡರು. ದನಿಗೆ ಮರುಳಾದವನನ್ನು ನಾನು ಹಳಿಯಲಾರೆ. ನಮ್ಮಲ್ಲೂ ಚಂಡೆಯ ಸದ್ದು ಕೇಳಿದರೆ ಊಟ ಬಿಟ್ಟು ಏಳುವವರಿದ್ದಾರೆ.

ಕೆಲಸ ನಡೆದ ಬಗೆ ನೋಡುವಂತಿತ್ತು. ಮೊದಲು ಬ್ಯಾಟರಿಯ ತಂತಿ ಬಿಚ್ಚಿದರು. ಕಾರನ್ನು ಜಾಕಿನಿಂದ ಎತ್ತಿ, ನಾಲ್ಕು ಕಡೆ ಗಟ್ಟಿ ಸ್ಟ್ಯಾಂಡು ಕೊಟ್ಟ ಮೇಲೆಯೇ ಅಡಿಗೆ ತೂರಿದರು. ಬರೀ ಜಾಕಿನ ಮೇಲೆ ಜೀಪು ನಿಲ್ಲಿಸಿ ಕೆಳಗೆ ಮಲಗುವ ನಮ್ಮವರು ಇದನ್ನು ಗಮನಿಸಬೇಕು. ಐವತ್ತು ವರ್ಷ ಬಿಸಿ ಉಂಡ ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿದ್ದವು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಸಿದ್ದರು. ಆದರೂ ಒಂದು ಬೋಲ್ಟು ತಲೆ ಮುರಿದುಕೊಂಡಿತು. ಅದನ್ನು ಕೊರೆದು ತೆಗೆಯಲು ಅರ್ಧ ದಿನ ಹಿಡಿಯಿತು. ಹೊಸ ಗ್ಯಾಸ್ಕೆಟ್ ಇಟ್ಟು, ನಡುವಿನ ಬೋಲ್ಟಿನಿಂದ ಆರಂಭಿಸಿ ಎರಡು ತುದಿಗೂ ಸಮನಾಗಿ ಬಿಗಿದರು. ಒಮ್ಮೆ ಎಂಜಿನ್ ಓಡಿಸಿ, ಪೂರ್ತಿ ಆರಿದ ಮೇಲೆ ಮತ್ತೊಮ್ಮೆ ಬಿಗಿದರು. ಈ ಎರಡನೆಯ ಬಿಗಿತ ಮರೆತರೆ ಸಂದಿನಲ್ಲಿ ಹೊಗೆ ಸೋರಿ ಪಟಪಟ ಸದ್ದು ಬರುತ್ತದಂತೆ.

ಕೊಳವೆಯ ತೂಗುಪಟ್ಟಿಗಳಿಗೆ ರಬ್ಬರು ಹಾಕಿದ್ದೂ ಶೋಕಿಗಲ್ಲ. ಒಂದೂವರೆ ಮೀಟರು ಉದ್ದದ ಉಕ್ಕಿನ ಕೊಳವೆಯ ಬಿಸಿ 300 ಡಿಗ್ರಿಯಷ್ಟು ಏರಿದರೆ ಅದು ಸುಮಾರು 5 ಮಿಲಿಮೀಟರು ಉದ್ದವಾಗುತ್ತದೆ. ಅಲುಗದಂತೆ ಬಿಗಿದರೆ ವೆಲ್ಡಿಂಗ್ ಬಿಡುತ್ತದೆ, ಇಲ್ಲವೆ ಹಿಡಿದ ಜಾಗ ಸೀಳುತ್ತದೆ.

ಮೂರನೆಯ ದಿನ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯ ಬಂತು. ಮುಂದಿನ ಚಕ್ರದ ಹಿಂಬದಿಯಲ್ಲಿ ಮೈಯ ಅಂಚು ಕೊಳವೆಗೆ ಅಡ್ಡ ಬಂದು, ಅದನ್ನು ಕೊಯ್ಯಬೇಕಾಯಿತು. ಅವರು ಗರಗಸ ಕೈಗೆತ್ತಿಕೊಂಡಾಗ ನಾನು ಬೇಡವೆಂದೆ. ಬೋಲ್ಟಿನಲ್ಲಿ ಕೂರಿಸಿದ್ದನ್ನು ನಾಳೆ ಬಿಚ್ಚಬಹುದು. ಕೊಯ್ದ ಮೈಯನ್ನು ಮೊದಲಿನಂತೆ ಮಾಡಲು ನುರಿತ ಕೈಯೇ ಬೇಕು. ಇಂಥ ಹಳೆಯ ಕಾರುಗಳಿಗೆ ಬೆಲೆ ಬರುವುದೂ ಅವು ಕಾರ್ಖಾನೆಯಿಂದ ಹೊರಟಂತೆಯೇ ಉಳಿದಿದ್ದರೆ. ತೋಟದಲ್ಲಿ ನೆರಳಿನ ಮರ ಕಡಿಯುವ ಮುನ್ನ ನಾವು ಎರಡು ಬೇಸಿಗೆ ಯೋಚಿಸುತ್ತೇವಲ್ಲ, ಇದೂ ಹಾಗೆಯೇ. ಅವರು ಒಪ್ಪಲಿಲ್ಲ. ಕಾರು ಅವರದು, ಕೊಯ್ದರು. ಆದರೆ ತೆಗೆದ ಒಂದೊಂದು ಭಾಗಕ್ಕೂ ಚೀಟಿ ಕಟ್ಟಿ ಅಟ್ಟದ ಮೇಲಿಟ್ಟರು. ಅಷ್ಟರ ಮಟ್ಟಿಗೆ ನನ್ನ ಮಾತು ನಡೆಯಿತು.

ಅಂದು ಸಂಜೆ ನನ್ನನ್ನು ಕೂರಿಸಿಕೊಂಡು ಹತ್ತು ಮೈಲಿ ಸುತ್ತಿಸಿದರು. ಆ ದನಿ ಎದೆಗೇ ತಾಗುವಂಥದು, ಸುಳ್ಳು ಹೇಳಲಾರೆ. ಮನೆ ಮುಂದೆ ಇಳಿಯುವಾಗ, ನಮ್ಮ ಜೀಪಿನಿಂದ ಇಳಿಯುವ ಅಭ್ಯಾಸದಲ್ಲಿ ಕಾಲನ್ನು ನೇರ ಕೆಳಗಿಟ್ಟೆ. ಮೀನಖಂಡ ಕೊಳವೆಗೆ ತಾಗಿತು. ಚಡ್ಡಿ ತೊಟ್ಟಿದ್ದೆನಾದ್ದರಿಂದ ಚರ್ಮ ಅಲ್ಲೇ ಅಂಟಿತು. ಮಾಯಲು ಮೂರು ವಾರ ಬೇಕಾಯಿತು. ಹಿಂದೆ ಕಾರ್ಖಾನೆಯವರು ಈ ಕೊಳವೆಯ ಮೇಲೆ ಲೋಹದ ಕವಚ ಹೊದಿಸಿ ಕೊಡುತ್ತಿದ್ದರು. ನಾವು ಕೂರಿಸಿದ್ದರಲ್ಲಿ ಕವಚವಿರಲಿಲ್ಲ. ಅಂದ ಕೆಡುತ್ತದೆಂದು ಯಜಮಾನರು ಬೇಡವೆಂದಿದ್ದರು. ಮಾರನೆಯ ದಿನವೇ ತರಿಸಲು ಹೇಳಿದರು. ನನ್ನ ಎಂಟು ವರ್ಷದ ಮೊಮ್ಮಗಳು ಅದೇ ಕಾರಿನಲ್ಲಿ ಒಂದು ಸುತ್ತು ಹೋಗಲು ಹಟ ಹಿಡಿದಿದ್ದಳು. ಮೊದಲು ನಾನು ಇಳಿದದ್ದೇ ಒಳ್ಳೆಯದಾಯಿತು.

ಈಗ ನಮ್ಮ ತರುಣ ಮಿತ್ರರ ಜೀಪಿಗೆ ಬರೋಣ. ಅಮೆರಿಕದ ಆ ಕಾರು ಭಾನುವಾರಕ್ಕೊಮ್ಮೆ ಶೆಡ್ಡಿನಿಂದ ಹೊರಬರುವಂಥದು, ಅದರಲ್ಲಿ ಕೂರುವವರು ಇಬ್ಬರೇ. ನಮ್ಮ ಜೀಪಿನಲ್ಲಿ ಕೊಯ್ಲಿನ ಕಾಲದಲ್ಲಿ ಎಂಟು ಹತ್ತು ಜನ ಹತ್ತುತ್ತಾರೆ, ಪಕ್ಕದಿಂದಲೇ ಜಿಗಿಯುತ್ತಾರೆ. ಹೆಂಗಸರ ಸೀರೆಯ ಸೆರಗು, ಮಕ್ಕಳ ಬರಿಗಾಲು ನೇರ ಆ ಕೊಳವೆಯ ಮೇಲೆ. ಫೆಬ್ರವರಿ, ಮಾರ್ಚಿಯಲ್ಲಿ ತೋಟದ ದಾರಿಯಲ್ಲಿ ಒಣ ತರಗೆಲೆ ಮೊಣಕಾಲುದ್ದ ಬಿದ್ದಿರುತ್ತದೆ. ಕೆಳಮಟ್ಟದಲ್ಲಿ ಓಡುವ ಕಾದ ಕೊಳವೆ ಅಲ್ಲಿ ಏನು ಮಾಡಬಲ್ಲುದೆಂದು ಬೆಂಕಿ ಕಂಡವರಿಗೆ ಹೇಳಬೇಕಾಗಿಲ್ಲ.

ಕಾನೂನೂ ಇದೆ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. 1989ರ ಕೇಂದ್ರ ನಿಯಮಗಳ ಪ್ರಕಾರ ಹೊಗೆಯನ್ನು ನೆಲದತ್ತಲೂ ಎಡಪಕ್ಕಕ್ಕೂ ಬಿಡುವಂತಿಲ್ಲ. ಹಿಂದಕ್ಕೆ ಅಥವಾ ಬಲಕ್ಕೆ ಬಿಡಬೇಕು. ಹೊಗೆಕೊಳವೆ ಇಂಧನದ ಕೊಳವೆಯಿಂದ 35 ಮಿಲಿಮೀಟರಿಗಿಂತ ಹತ್ತಿರ ಇರಕೂಡದು. ನಾವು ರಸ್ತೆಯ ಎಡಕ್ಕೆ ಹೋಗುವವರು. ನಡೆದು ಹೋಗುವವರ ಮುಖ ಆ ಪಕ್ಕದಲ್ಲೇ ಇರುತ್ತದೆ. ಎರಡು ಪಕ್ಕಕ್ಕೂ ಕೊಳವೆ ಎಂಬ ಆಸೆ ಇಲ್ಲಿಗೇ ಮುಗಿಯಿತು. ಸದ್ದಿನ ವಿಚಾರದಲ್ಲಿ ಅಮೆರಿಕದವರೂ ಸ್ವತಂತ್ರರಲ್ಲ. ಕ್ಯಾಲಿಫೋರ್ನಿಯದಲ್ಲಿ ಇಂಥ ಕಾರಿನ ಹೊಗೆಕೊಳವೆಯ ಸದ್ದು 95 ಡೆಸಿಬೆಲ್ ಮೀರಬಾರದೆಂದು ಕಾನೂನಿದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಪಂಪ್‌ಸೆಟ್ಟಿನ ಸೈಲೆನ್ಸರ್ ತೂತಾದರೆ "ನಡೆಯುತ್ತದೆ ಬಿಡಿ" ಎನ್ನುವುದು ನಮ್ಮಲ್ಲಿ ರೂಢಿ. ಹೂಮಳೆ ಕೈಕೊಟ್ಟ ವರ್ಷ ರಾತ್ರಿಯಿಡೀ ಸ್ಪ್ರಿಂಕ್ಲರ್ ಓಡಿಸುವಾಗ ಮುಚ್ಚಿದ ಪಂಪಿನ ಮನೆಯಲ್ಲೇ ಆಳುಗಳು ಮಲಗುವುದುಂಟು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವನು ಏಳುವುದೇ ಇಲ್ಲ. ಆ ಅಮೆರಿಕದ ಯಜಮಾನರು ಶೆಡ್ಡಿನ ಬಾಗಿಲು ಪೂರ್ತಿ ತೆರೆಯದೆ ಒಮ್ಮೆಯೂ ಎಂಜಿನ್ ಚಾಲೂ ಮಾಡಲಿಲ್ಲ. ಅವರಿಂದ ಕಲಿಯಬೇಕಾದದ್ದು ಇದನ್ನು.

ನನ್ನ ಅಭಿಪ್ರಾಯ ಇಷ್ಟು. ಹಳೆಯ ವಾಹನದ ಮೇಲಿನ ಪ್ರೀತಿ ತಪ್ಪಲ್ಲ. ಅದನ್ನು ತಿಕ್ಕಿ ತೊಳೆದು ಓಡಿಸುವವರು ಇರುವುದರಿಂದಲೇ ಅವು ಉಳಿದಿವೆ. ಏನೇ ಬದಲಿಸಿದರೂ ಮತ್ತೆ ಬಿಚ್ಚಿ ಮೊದಲಿನಂತೆ ಮಾಡಲು ಬರುವ ಹಾಗಿರಲಿ, ತೆಗೆದ ಭಾಗ ಗುಜರಿಗೆ ಹೋಗದಿರಲಿ. ಕಾಯುವ ಲೋಹಕ್ಕೆ ಕವಚವಿರಲಿ. ಸದ್ದು ನೆರೆಮನೆಯವರ ನಿದ್ದೆಗೆ ಅಡ್ಡ ಬಾರದಿರಲಿ. ಈ ಮೂರೂ ಕೂಡಿ ಬರದ ಕಡೆ ಕೊಳವೆ ಕೂರಿಸದಿರುವುದೇ ಕ್ಷೇಮ.

ಆ ತರುಣ ಮಿತ್ರರಿಗೆ ನನ್ನ ಸಲಹೆ: ಕೊಳವೆಗೆಂದು ತೆಗೆದಿಟ್ಟ ಹಣದಲ್ಲಿ ಜೀಪಿನ ಬ್ರೇಕು ಮಾಡಿಸಿ, ಮೂಲದಂತೆಯೇ ಹೊಸ ಸೈಲೆನ್ಸರ್ ಹಾಕಿಸಿ. ಉಳಿದರೆ ಬಣ್ಣ ಹೊಡೆಸಿ. ಒಪ್ಪದಿದ್ದರೆ ಮನೆಗೆ ಬನ್ನಿ, ಕಾಫಿ ಕುಡಿಯುತ್ತ ವಾದ ಮಾಡೋಣ. ಕಾಲಿನ ಕಲೆಯನ್ನೂ ತೋರಿಸುತ್ತೇನೆ.