ಸ್ಟಾಂಪ್ ಪೇಪರ್ ಮೇಲೆ ಬರೆದುಕೊಟ್ಟರೆ ಹಣಕ್ಕೆ ಲೆಕ್ಕ ಸಿಕ್ಕಂತಾಗುತ್ತಾ?

"ಮನೆಯಲ್ಲಿ ನಗದು ಇದೆಯಾ? ನೂರು ರೂಪಾಯಿ ಸ್ಟಾಂಪ್ ಪೇಪರ್ ಮೇಲೆ 'ಇದು ನನ್ನ ಉಳಿತಾಯದ ಹಣ' ಅಂತ ಅಫಿಡವಿಟ್ ಮಾಡಿಸಿ, ನೋಟರಿ ಸೀಲ್ ಹಾಕಿಸಿ ಇಟ್ಟುಕೊಳ್ಳಿ. ಆಮೇಲೆ ಯಾವ ಇಲಾಖೆಯೂ ಪ್ರಶ್ನೆ ಮಾಡುವಂತಿಲ್ಲ."

ಈ ಅರ್ಥದ ಒಂದು ಫಾರ್ವರ್ಡ್ ಕಳಿಸಿ ನನ್ನ ದೊಡ್ಡಮ್ಮ ಕೇಳಿದರು, "ಇದು ನಿಜವೇನೇ? ಹಾಗಿದ್ರೆ ನಾನೂ ಒಂದು ಮಾಡಿಸಿಟ್ಕೋತೀನಿ." ಅಡಿಕೆ ಮಾರಿದಾಗ ದೊಡ್ಡಪ್ಪ ಮನೆಖರ್ಚಿಗೆಂದು ಕೊಡುವ ದುಡ್ಡಿನಲ್ಲಿ ಉಳಿಸಿ ಬೀರುವಿನಲ್ಲಿ ಇಡುತ್ತಾ ಬಂದವರು ಅವರು. ಎಷ್ಟಿದೆ ಅಂತ ದೊಡ್ಡಪ್ಪನಿಗೂ ಗೊತ್ತಿಲ್ಲ. ನಾನೂ ಕೇಳಲಿಲ್ಲ.

ಆ ಸಂದೇಶದ ಮೊದಲ ಅರ್ಧ ತಪ್ಪಲ್ಲ, ಅಫಿಡವಿಟ್ ಯಾರು ಬೇಕಾದರೂ ಮಾಡಿಸಬಹುದು. "ಯಾರೂ ಪ್ರಶ್ನೆ ಮಾಡುವಂತಿಲ್ಲ" ಎನ್ನುವ ಎರಡನೇ ಅರ್ಧ ಮಾತ್ರ ಶುದ್ಧ ಸುಳ್ಳು.

ನೋಟರಿಯ ಸೀಲು ಏನು ಹೇಳುತ್ತದೆ ಅಂತ ಮೊದಲು ನೋಡಿ. ಇಂಥ ವ್ಯಕ್ತಿ ಇಂಥ ದಿನ ನನ್ನೆದುರು ಬಂದು, ಪ್ರಮಾಣ ಮಾಡಿ, ಸಹಿ ಹಾಕಿದರು. ಅಷ್ಟೇ. ಒಳಗೆ ಬರೆದದ್ದು ನಿಜವೋ ಸುಳ್ಳೋ ಎಂದು ನೋಟರಿ ನಿಮ್ಮ ಬೀರು ತೆಗೆದು ನೋಡಿರುವುದಿಲ್ಲ. ಸ್ಟಾಂಪ್ ಪೇಪರ್ ಎಂದರೆ ಸರ್ಕಾರಕ್ಕೆ ಶುಲ್ಕ ಕಟ್ಟಿದ್ದಕ್ಕೆ ಗುರುತು, ಸರ್ಕಾರ ಒಪ್ಪಿದ್ದಕ್ಕೆ ಗುರುತಲ್ಲ. ನಮ್ಮಲ್ಲಿ ಆ ಕಾಗದಕ್ಕೆ ಇರುವ ಗೌರವ ನೋಡಿದರೆ ಈ ವ್ಯತ್ಯಾಸ ಬಹಳ ಜನಕ್ಕೆ ಗೊತ್ತಿಲ್ಲ ಅನಿಸುತ್ತದೆ.

ಇನ್ನು ಆದಾಯ ತೆರಿಗೆಯ ವಿಷಯ. ನಿಮ್ಮ ಕೈಯಲ್ಲೋ ಖಾತೆಯಲ್ಲೋ ಹಣ ಕಂಡರೆ ಅದು ಎಲ್ಲಿಂದ ಬಂತು ಎಂದು ವಿವರಿಸುವ ಹೊಣೆ ನಿಮ್ಮದೇ. ವಿವರಣೆ ಅಧಿಕಾರಿಗೆ ಸಮಾಧಾನ ತರದಿದ್ದರೆ ಅದನ್ನು ನಿಮ್ಮ ಆದಾಯ ಎಂದೇ ಲೆಕ್ಕ ಹಾಕಬಹುದು. 2016ರ ನೋಟು ರದ್ದತಿಯ ಬೆನ್ನಲ್ಲೇ ಬಂದ ತಿದ್ದುಪಡಿ ಇಂಥ ಹಣದ ಮೇಲಿನ ತೆರಿಗೆಯನ್ನು ಶೇ. 60ಕ್ಕೆ ಏರಿಸಿತು. ಅದರ ಮೇಲೆ ಆ ತೆರಿಗೆಯ ಕಾಲು ಭಾಗ ಸರ್ಚಾರ್ಜ್. ಅಲ್ಲಿಗೆ ನೂರಕ್ಕೆ 75 ರೂಪಾಯಿ ಹೋಯಿತು, ಸೆಸ್ ಬೇರೆ. ಪ್ರಾಮಾಣಿಕವಾಗಿ ದುಡಿದವರಿಗೂ ದಾಖಲೆ ಇಲ್ಲದಿದ್ದರೆ ಈ ಅಪಾಯ ತಪ್ಪಿದ್ದಲ್ಲ.

ಹಾಗಾದರೆ ಅಫಿಡವಿಟ್‌ಗೆ ಬೆಲೆಯೇ ಇಲ್ಲವೇ? ಇದೆ. ಸುಪ್ರೀಂ ಕೋರ್ಟಿನ ಎರಡು ಹಳೆಯ ತೀರ್ಪು ಇದನ್ನು ಚೆನ್ನಾಗಿ ತೋರಿಸುತ್ತವೆ.

ನೋಟು ರದ್ದತಿ ನಮಗೆ ಹೊಸದಲ್ಲ. 1946ರ ಜನವರಿಯಲ್ಲೂ ದೊಡ್ಡ ಮುಖಬೆಲೆಯ ನೋಟುಗಳನ್ನು ರದ್ದು ಮಾಡಲಾಗಿತ್ತು. ಆಗ ಒಂದು ವ್ಯಾಪಾರಿ ಸಂಸ್ಥೆ ಸಾವಿರ ರೂಪಾಯಿಯ 61 ನೋಟುಗಳನ್ನು ಬದಲಾಯಿಸಿಕೊಂಡಿತು. ಇಷ್ಟು ಸಾವಿರದ ನೋಟು ನಿಮ್ಮ ಹತ್ತಿರ ಹೇಗೆ ಬಂತು ಎಂದು ಇಲಾಖೆ ಕೇಳಿತು. ಸಂಸ್ಥೆಗೆ ಸಾವಿರದ ನೋಟುಗಳಲ್ಲಿ ಹಣ ಕೊಟ್ಟವರು ಹೌದೆಂದು ಅಫಿಡವಿಟ್ ಕೊಟ್ಟರು. 1956ರಲ್ಲಿ ಸುಪ್ರೀಂ ಕೋರ್ಟ್ ಸಂಸ್ಥೆಯ ಪರ ನಿಂತಿತು. ಅಫಿಡವಿಟ್ ಕೊಟ್ಟವರನ್ನು ಇಲಾಖೆ ಕರೆದು ಪ್ರಶ್ನಿಸಿರಲಿಲ್ಲ. ಹಾಗಿರುವಾಗ ಬರೀ ಊಹೆಯ ಮೇಲೆ ಅದನ್ನು ತಳ್ಳಿಹಾಕುವಂತಿಲ್ಲ ಎಂದಿತು. ಆದರೆ ಇಲ್ಲೊಂದು ಮುಖ್ಯ ಸಂಗತಿ ಇದೆ: ಆ ದಿನ ಅಷ್ಟು ನಗದು ಕೈಯಲ್ಲಿತ್ತು ಎಂದು ಸಂಸ್ಥೆಯ ನಗದು ಪುಸ್ತಕವೇ ತೋರಿಸುತ್ತಿತ್ತು, ಆ ಪುಸ್ತಕ ಸುಳ್ಳೆಂದು ಯಾರೂ ಹೇಳಿರಲಿಲ್ಲ. ಅಫಿಡವಿಟ್ ಗೆದ್ದದ್ದು ಲೆಕ್ಕದ ಪುಸ್ತಕದ ಹೆಗಲ ಮೇಲೆ ಕೂತು.

ಎರಡನೆಯದು ಬೆಂಗಳೂರಿಂದ ಹೋದ ಪ್ರಕರಣ, ತೀರ್ಪು ಬಂದದ್ದು 1995ರಲ್ಲಿ. ಮಹಿಳೆಯೊಬ್ಬರು 1970ರ ದಶಕದ ಆರಂಭದ ಎರಡು ವರ್ಷಗಳಲ್ಲಿ ತಮಗೆ ಬಂದ ದೊಡ್ಡ ಮೊತ್ತ ಕುದುರೆ ರೇಸಿನಲ್ಲಿ ಗೆದ್ದದ್ದು ಎಂದಿದ್ದರು. ರೇಸ್ ಕ್ಲಬ್ಬಿನಿಂದ ಬಂದ ಕ್ರಾಸ್ ಚೆಕ್ಕೂ ಇತ್ತು. ಆದರೂ ಕೋರ್ಟ್ ಒಪ್ಪಲಿಲ್ಲ. ಬೆಂಗಳೂರು, ಮದ್ರಾಸ್, ಹೈದರಾಬಾದ್ ಮೂರೂ ಕಡೆ ಒಬ್ಬರೇ ಜಾಕ್‌ಪಾಟ್ ಮೇಲೆ ಜಾಕ್‌ಪಾಟ್ ಹೊಡೆಯುವುದು ನಂಬುವಂಥದ್ದೇ? ರೇಸಿನ ಬಗ್ಗೆ ಅವರಿಗಿದ್ದ ತಿಳಿವಳಿಕೆಯೂ ಅತ್ಯಲ್ಪ ಎಂದು ಕಂಡುಬಂದಿತ್ತು. ಗೆದ್ದ ಟಿಕೆಟನ್ನು ಬೇರೆಯವರಿಂದ ಕೊಂಡಿರಬಹುದು ಎಂಬ ತೀರ್ಮಾನ ಉಳಿಯಿತು. ಲೋಕದಲ್ಲಿ ಸಾಮಾನ್ಯವಾಗಿ ಹೀಗೆ ನಡೆಯುತ್ತದೆಯೇ ಎಂಬುದು ಇಲ್ಲಿ ಅಳತೆಗೋಲು. ಚೆಕ್ಕಿಗೇ ಈ ಗತಿಯಾದರೆ ನೀವೇ ಬರೆದು ನೀವೇ ಸಹಿ ಹಾಕಿದ ಕಾಗದಕ್ಕೆ ಏನು ಹೇಳೋಣ.

ಫಾರ್ವರ್ಡ್ ಹೇಳದ ಇನ್ನೊಂದು ವಿಷಯ ಇದಕ್ಕಿಂತ ಅಪಾಯಕಾರಿ. ಅಫಿಡವಿಟ್ ನಿಮ್ಮ ವಿರುದ್ಧವೇ ಸಾಕ್ಷಿಯಾಗಬಹುದು. "ಗೆಳೆಯ ಐದು ಲಕ್ಷ ನಗದು ಸಾಲ ಕೊಟ್ಟ" ಎಂದು ಬರೆಸಿದಿರಿ ಅನ್ನಿ. 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದಕ್ಕೇ ತೆರಿಗೆ ಕಾನೂನಿನಲ್ಲಿ ನಿಷೇಧವಿದೆ, ದಂಡ ಪಡೆದ ಮೊತ್ತದಷ್ಟೇ. (ಕೊಟ್ಟವರು, ಪಡೆದವರು ಇಬ್ಬರಿಗೂ ಕೃಷಿ ಆದಾಯ ಮಾತ್ರವಿದ್ದು ತೆರಿಗೆಗೆ ಒಳಪಡುವ ಆದಾಯ ಇಲ್ಲದಿದ್ದರೆ ವಿನಾಯಿತಿ ಇದೆ.) "ಸಾಲವಲ್ಲ, ಉಡುಗೊರೆ" ಎಂದರೂ ಪಾರಾಗುವುದಿಲ್ಲ. 2017ರ ಏಪ್ರಿಲ್‌ನಿಂದ ಒಬ್ಬರಿಂದ ಒಂದೇ ದಿನ ಎರಡು ಲಕ್ಷ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಸುಳ್ಳು ಬರೆಸಿದ್ದರಂತೂ ಸುಳ್ಳು ಪ್ರಮಾಣವೇ ಬೇರೆ ಅಪರಾಧ.

ದೊಡ್ಡಮ್ಮನಂಥವರ ಮಾತು ಬೇರೆ. ಮನೆಖರ್ಚಿನಲ್ಲಿ ಉಳಿಸುವ ಹೆಂಗಸರ ಹತ್ತಿರ ರಸೀದಿ ಎಲ್ಲಿಂದ ಬರಬೇಕು? ಇದನ್ನು ವ್ಯವಸ್ಥೆ ಸ್ವಲ್ಪ ಮಟ್ಟಿಗೆ ಒಪ್ಪಿಕೊಂಡದ್ದೂ ಇದೆ. ನೋಟು ರದ್ದತಿ ಸಮಯದಲ್ಲಿ ವ್ಯಾಪಾರದ ಆದಾಯ ಇಲ್ಲದ ವ್ಯಕ್ತಿ ಎರಡೂವರೆ ಲಕ್ಷದವರೆಗೆ ಜಮಾ ಮಾಡಿದ್ದರೆ ಸಾಮಾನ್ಯವಾಗಿ ಹೆಚ್ಚಿನ ಪರಿಶೀಲನೆ ಬೇಡ ಎಂದು 2017ರಲ್ಲಿ ಸೂಚನೆ ಬಂತು. ಅದೇ ಸಮಯದಲ್ಲಿ 2,11,500 ರೂಪಾಯಿ ಜಮಾ ಮಾಡಿದ್ದ ಗ್ವಾಲಿಯರ್‌ನ ಗೃಹಿಣಿಯೊಬ್ಬರ ಉಳಿತಾಯದ ವಿವರಣೆಯನ್ನು 2021ರಲ್ಲಿ ಆಗ್ರಾದ ತೆರಿಗೆ ನ್ಯಾಯಮಂಡಳಿ ಒಪ್ಪಿತು. ಅವು ಆ ಸಂದರ್ಭಕ್ಕೆ ಸೇರಿದ ರಿಯಾಯಿತಿ, ಇವತ್ತು ಎಷ್ಟು ಬೇಕಾದರೂ ಇಟ್ಟುಕೊಳ್ಳಲು ಪರವಾನಗಿಯಲ್ಲ.

ದೊಡ್ಡಮ್ಮನಿಗೆ ಹೇಳಿದೆ: ಹಣದ ಮೂಲ ತೋರಿಸುವುದು ಪಹಣಿ, ಮಂಡಿಯಲ್ಲಿ ಅಡಿಕೆ ಬಿಟ್ಟಾಗ ಕೊಡುವ ಪಟ್ಟಿ, ಬ್ಯಾಂಕಿನಿಂದ ತೆಗೆದ ದಿನದ ಪಾಸ್‌ಬುಕ್ ನಮೂದು. ಅದು ದೊಡ್ಡಪ್ಪನ ಹೆಸರಿನಲ್ಲಿದ್ದರೂ ಸರಿ, ಅವರು ನಿಮಗೆ ಕೊಟ್ಟದ್ದು ಹೌದೆಂದರೆ ಕೊಂಡಿ ಕೂಡುತ್ತದೆ. ಆ ಕೊಂಡಿಯನ್ನು ಹೇಳಲು ಬೇಕಿದ್ದರೆ ಅಫಿಡವಿಟ್ ಮಾಡಿಸೋಣ. ಅದಕ್ಕಿಂತ ಮೊದಲು ಸ್ವಲ್ಪ ಸ್ವಲ್ಪವಾಗಿ ನಿಮ್ಮ ಖಾತೆಗೇ ಕಟ್ಟುತ್ತಾ ಬನ್ನಿ, ಆಯಾ ವರ್ಷದ ಪಟ್ಟಿ ಜೊತೆಗಿಡಿ.

ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಂದ್ರೆ ನಿಮ್ಮ ದೊಡ್ಡಪ್ಪಂಗೆ ಹೇಳ್ಲೇಬೇಕು ಅನ್ನು" ಎಂದರು.