ಕಲಬುರಗಿ ಕೋಟೆಯ ತೋಪು ‘ಪಂಚಲೋಹ’ದ್ದೇ? ಕಬ್ಬಿಣ ಬಡಿಯುವ ಕೆಲಸದಲ್ಲಿ ಸಂಶೋಧನೆಗೆ ಏನಿದೆ?

ಕಲಬುರಗಿ ಕೋಟೆಯ ‘ಬಾರಾ ಗಜಿ ತೋಪ್’ ಫೋಟೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಜೊತೆಗಿರುವ ಬರಹ ಹೆಚ್ಚುಕಡಿಮೆ ಒಂದೇ: ‘ಜಗತ್ತಿನ ಅತಿ ಉದ್ದದ ತೋಪು, 29 ಅಡಿ, ಪಂಚಲೋಹದಲ್ಲಿ ಮಾಡಿದ್ದು.’ ಊರಿನ ಅಭಿಮಾನದಿಂದ ಕಳಿಸುವ ಸಂದೇಶ ಇದು, ಕೆಟ್ಟ ಉದ್ದೇಶವೇನೂ ಇಲ್ಲ. ಆದರೆ ‘ಪಂಚಲೋಹ’ ಎಂಬ ಒಂದು ಪದ, ಆ ತೋಪಿನಲ್ಲಿ ನಿಜಕ್ಕೂ ಹೆಮ್ಮೆಪಡಬೇಕಾದ ಸಂಗತಿಯನ್ನೇ ಮರೆಮಾಡಿಬಿಡುತ್ತದೆ. ಆ ಸಂಗತಿ ಏನು, ಅದಕ್ಕೂ ಇವತ್ತಿನ ಫೋರ್ಜಿಂಗ್ ಸಂಶೋಧನೆಗೂ ಏನು ಸಂಬಂಧ ಎಂದು ಇಲ್ಲಿ ನೋಡೋಣ.

‘ಜಗತ್ತಿನಲ್ಲೇ ಅತಿ ಉದ್ದ’ ಎನ್ನಬಹುದೇ?

29 ಅಡಿ ಎಂದರೆ ಸುಮಾರು 8.8 ಮೀಟರ್. ಮಧ್ಯಕಾಲದ ತೋಪಿಗೆ ಇದು ಬಹಳ ದೊಡ್ಡ ಅಳತೆ. ಆದರೆ ಪಕ್ಕದ ವಿಜಯಪುರದಲ್ಲಿ, 1584ರಲ್ಲಿ ಕಟ್ಟಿದ ಉಪ್ಪಲಿ ಬುರುಜಿನ ಮೇಲಿರುವ ಉದ್ದನೆಯ ತೋಪು 30 ಅಡಿಯ ಆಸುಪಾಸಿನಲ್ಲಿದೆ. 20ನೇ ಶತಮಾನಕ್ಕೆ ಬಂದರೆ, 1918ರಲ್ಲಿ ಜರ್ಮನಿ ಪ್ಯಾರಿಸ್ ಮೇಲೆ ಗುಂಡು ಹಾರಿಸಿದ ಫಿರಂಗಿಯ ನಳಿಕೆ 30 ಮೀಟರಿಗೂ ಹೆಚ್ಚು ಉದ್ದವಿತ್ತು. ಹಾಗಾಗಿ ‘ಜಗತ್ತಿನಲ್ಲೇ ಅತಿ ಉದ್ದ’ ಎನ್ನುವ ಮಾತು ನಿಲ್ಲುವುದಿಲ್ಲ. ‘ದಖ್ಖನಿನ ಅತಿ ಉದ್ದದ ಹಳೆಯ ತೋಪುಗಳಲ್ಲಿ ಒಂದು’ ಎಂದರೆ ಸರಿ.

ಹೆಸರಿನಲ್ಲೂ ಒಂದು ಪಾಠವಿದೆ. ‘ಬಾರಾ ಗಜ್’ ಎಂದರೆ 12 ಗಜ. ಈಗಿನ ಗಜ 3 ಅಡಿಯದು, ಆ ಲೆಕ್ಕದಲ್ಲಿ ತೋಪು 36 ಅಡಿ ಇರಬೇಕಿತ್ತು. ಹಿಂದೆ ಗಜದ ಅಳತೆ ಸೀಮೆಯಿಂದ ಸೀಮೆಗೆ, ಕಾಲದಿಂದ ಕಾಲಕ್ಕೆ ಬೇರೆ ಬೇರೆ ಇತ್ತು. ಹೆಸರು ನೋಡಿ ಉದ್ದ ಹೇಳಲು ಬರುವುದಿಲ್ಲ.

ಎರಕವೋ, ಬಡಿಗೆಯೋ?

ಲೋಹಕ್ಕೆ ಆಕಾರ ಕೊಡಲು ಎರಡು ದೊಡ್ಡ ದಾರಿಗಳಿವೆ. ಒಂದು, ಕರಗಿಸಿ ಅಚ್ಚಿಗೆ ಸುರಿಯುವುದು. ಇದು ಎರಕ. ಇನ್ನೊಂದು, ಕರಗಿಸದೆ, ಕಾಯಿಸಿ ಮೆತ್ತಗೆ ಮಾಡಿ ಬಡಿಯುವುದು ಅಥವಾ ಒತ್ತುವುದು. ಇದೇ ಫೋರ್ಜಿಂಗ್.

ಪಂಚಲೋಹ ಎಂದರೆ ತಾಮ್ರವೇ ಮುಖ್ಯವಾಗಿ ಇರುವ ಮಿಶ್ರಣ. ಅದನ್ನು ಕರಗಿಸಿ ಎರಕ ಹೊಯ್ಯುತ್ತಾರೆ, ದೇವರ ಮೂರ್ತಿಗಳು ಆಗುವುದು ಹೀಗೆ. ವಿಜಯಪುರದ ಪ್ರಸಿದ್ಧ ‘ಮಲಿಕ್-ಎ-ಮೈದಾನ್’ ಎರಕದ ತೋಪು. 1549ರಲ್ಲಿ ಅಹ್ಮದ್‌ನಗರದಲ್ಲಿ ತಾಮ್ರ ಮತ್ತು ತವರ ಸೇರಿಸಿ ಹೊಯ್ದದ್ದು. ಗಾತ್ರ ದಪ್ಪ, ಉದ್ದ ಕಡಿಮೆ, ಮೈ ನುಣುಪು.

ಉಪ್ಪಲಿ ಬುರುಜಿನ ತೋಪು ಬೇರೆ ಜಾತಿಯದು. ಕಬ್ಬಿಣದ ಉದ್ದನೆಯ ಪಟ್ಟಿಗಳನ್ನು ಕೊಳವೆಯಂತೆ ಜೋಡಿಸಿ, ಮೇಲಿನಿಂದ ಕಬ್ಬಿಣದ ಬಳೆಗಳನ್ನು ಒಂದರ ಪಕ್ಕ ಒಂದರಂತೆ ತೊಡಿಸಿ ಬೆಸೆದದ್ದು. ತಮಿಳುನಾಡಿನ ತಂಜಾವೂರಿನಲ್ಲಿರುವ ದೊಡ್ಡ ತೋಪೂ ಹೀಗೆಯೇ ಆದದ್ದು. ಅದನ್ನು ಅಭ್ಯಾಸ ಮಾಡಿದವರು ಐಐಟಿ ಕಾನ್ಪುರದ ಲೋಹಶಾಸ್ತ್ರ ಪ್ರಾಧ್ಯಾಪಕ ಆರ್. ಬಾಲಸುಬ್ರಮಣ್ಯಂ. ದೆಹಲಿಯ ಕಬ್ಬಿಣದ ಕಂಬದ ಮೇಲಿನ ಕೆಲಸದಿಂದ ಹೆಸರಾದವರೂ ಅವರೇ. ಕಲಬುರಗಿಯ ತೋಪಿನ ಮೈಮೇಲೂ ಇಂಥ ಬಳೆಗಳ ಗುರುತು ಉದ್ದಕ್ಕೂ ಕಾಣುತ್ತದೆ. ಎರಕ ಹೊಯ್ದ ತೋಪಿಗೆ ಹೀಗೆ ಬಳೆ ತೊಡಿಸುವ ಅಗತ್ಯವಿರಲಿಲ್ಲ.

ಎರಡು ಸುಲಭ ಗುರುತುಗಳಿವೆ. ತಾಮ್ರದ ಮಿಶ್ರಣ ಹಳತಾದರೆ ಹಸಿರು ಕಿಲುಬು ಕಟ್ಟುತ್ತದೆ, ಕಬ್ಬಿಣ ಕಂದು-ಕೆಂಪು ತುಕ್ಕು ಹಿಡಿಯುತ್ತದೆ. ಇನ್ನೊಂದು, ಸಣ್ಣ ಆಯಸ್ಕಾಂತ ಕಬ್ಬಿಣಕ್ಕೆ ಅಂಟುತ್ತದೆ, ತಾಮ್ರ-ತವರದ ಮಿಶ್ರಣಕ್ಕೆ ಅಂಟುವುದಿಲ್ಲ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಹಾಗಾಗಿ ಪರೀಕ್ಷೆ ಅಂತ ಗೀಚುವುದು, ಕೆರೆಯುವುದು ಬೇಡ.

ಕರಗಿಸಿ ಹೊಯ್ಯಲಿಲ್ಲ ಏಕೆ?

ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಬೇಕು. ಟನ್‌ಗಟ್ಟಲೆ ಕಬ್ಬಿಣವನ್ನು ಒಂದೇ ಸಲಕ್ಕೆ ಅಷ್ಟು ಬಿಸಿ ಮಾಡುವ ಕುಲುಮೆ ಇಲ್ಲಿ ಇರಲಿಲ್ಲ. ಅದಿರಿನಿಂದ ಸಿಗುತ್ತಿದ್ದುದು ಕಸರು ತುಂಬಿದ ಮುದ್ದೆ. ಅದನ್ನು ಕಾಯಿಸಿ ಬಡಿದು ಕಸರು ತೆಗೆದು, ಪಟ್ಟಿ ಎಳೆದು, ಪಟ್ಟಿಗೆ ಪಟ್ಟಿ ಬೆಸೆಯುತ್ತಾ ಹೋಗಬೇಕಿತ್ತು.

ಬಳೆ ತೊಡಿಸುವ ಯುಕ್ತಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಗೊತ್ತು. ಪಟ್ಟಿ ಗಾಲಿಗಿಂತ ಚೂರು ಚಿಕ್ಕದಿರುತ್ತದೆ. ಬೆಂಕಿಯಲ್ಲಿ ಕಾಯಿಸಿದಾಗ ಅದು ಹಿಗ್ಗುತ್ತದೆ, ಆಗ ತೊಡಿಸಿ ನೀರು ಹೊಯ್ಯುತ್ತಾರೆ. ಕುಗ್ಗಿ ಗಾಲಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಒಂದೂವರೆ ಮೀಟರ್ ಅಡ್ಡಳತೆಯ ಪಟ್ಟಿಯನ್ನು 600 ಡಿಗ್ರಿಯಷ್ಟು ಬಿಸಿ ಮಾಡಿದರೆ ಅಡ್ಡಳತೆ ಸುಮಾರು ಒಂದು ಸೆಂಟಿಮೀಟರ್ ಹೆಚ್ಚುತ್ತದೆ. ಅಷ್ಟು ಸಾಕು. ತೋಪಿನ ಬಳೆಯೂ ಇದೇ ತತ್ವದಲ್ಲಿ ಒಳಗಿನ ಪಟ್ಟಿಗಳನ್ನು ಅಮುಕಿ ಹಿಡಿಯುತ್ತದೆ. ಒಳಗೆ ಮದ್ದು ಸಿಡಿದಾಗ ಹೊರಕ್ಕೆ ಒತ್ತುವ ಬಲವನ್ನು ಆ ಬಿಗಿತ ಎದುರಿಸುತ್ತದೆ.

ಅಂದರೆ ತೋಪಿನ ಹಿರಿಮೆ ಇರುವುದು ಐದು ಲೋಹಗಳಲ್ಲಿ ಅಲ್ಲ, ಒಂದೇ ಲೋಹವನ್ನು ಬಳಸಿದ ಕೈಗಳಲ್ಲಿ.

ಹಾಗಾದರೆ ಈಗ ಸಂಶೋಧನೆ ಏನು ಉಳಿದಿದೆ?

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಿಗುತ್ತದೆ. ತೊಗರಿ, ಜೋಳದ ಈ ಸೀಮೆಯಲ್ಲಿ ಕುಡುಗೋಲು, ಕೊಡಲಿ, ಕುಂಟೆಯ ಕುಡ ಹರಿತ ಮಾಡಿಕೊಡುವ ಕಂಬಾರರ ಕೆಲಸ ರೈತರಿಗೆ ಪರಿಚಿತ. ಕಂಬಾರ ಬಣ್ಣ ನೋಡಿ ಹದ ಹೇಳುತ್ತಾರೆ. ಯಾವ ಬಣ್ಣಕ್ಕೆ ಬಡಿಯಬೇಕು, ಯಾವ ಬಣ್ಣಕ್ಕೆ ನೀರಿಗೆ ಅದ್ದಬೇಕು ಎಂಬುದು ಕಣ್ಣಿಗೆ, ಕೈಗೆ ಗೊತ್ತು. ಫೋರ್ಜಿಂಗ್ ಸಂಶೋಧನಾ ಎಂಜಿನಿಯರ್ ಕೇಳುವುದೂ ಅದೇ ಪ್ರಶ್ನೆ: ಎಷ್ಟು ಬಿಸಿ, ಎಷ್ಟು ವೇಗ, ಎಷ್ಟು ಒತ್ತು? ಉತ್ತರ ಮಾತ್ರ ಅಂಕಿಯಲ್ಲಿ ಬೇಕು. ಏಕೆಂದರೆ ತಯಾರಾಗುವುದು ಒಂದು ಕುಡುಗೋಲಲ್ಲ, ಒಂದೇ ತೆರನಾದ ಸಾವಿರಾರು ಭಾಗಗಳು.

ಕೆಲಸ ಹೀಗೆ ಸಾಗುತ್ತದೆ. ಮೊದಲು ಬೆರಳಿನ ಗಾತ್ರದ ಲೋಹದ ತುಂಡುಗಳನ್ನು ಬೇರೆ ಬೇರೆ ಬಿಸಿಯಲ್ಲಿ, ಬೇರೆ ಬೇರೆ ವೇಗದಲ್ಲಿ ಒತ್ತಿ ನೋಡುತ್ತಾರೆ. ಎಷ್ಟು ಬಲಕ್ಕೆ ಲೋಹ ಹರಿಯಿತು ಎಂದು ಅಳೆಯುತ್ತಾರೆ. ತುಂಡನ್ನು ಕತ್ತರಿಸಿ, ಹೊಳಪು ಕೊಟ್ಟು, ಸೂಕ್ಷ್ಮದರ್ಶಕದಲ್ಲಿ ಒಳಗಿನ ಕಣಗಳು ಹೇಗಾದವು, ಎಲ್ಲಾದರೂ ಬಿರುಕು ಬಿಟ್ಟಿತೇ ಎಂದು ನೋಡುತ್ತಾರೆ. ಈ ಎಲ್ಲ ಮಾಹಿತಿ ಸೇರಿಸಿ ಒಂದು ನಕ್ಷೆ ಮಾಡುತ್ತಾರೆ. ಯಾವ ಬಿಸಿ-ವೇಗದಲ್ಲಿ ಲೋಹ ಚೆನ್ನಾಗಿ ಮಣಿಯುತ್ತದೆ, ಎಲ್ಲಿ ಒಡೆಯುತ್ತದೆ ಎಂದು ಆ ನಕ್ಷೆ ತೋರಿಸುತ್ತದೆ. ಇಂಥ ‘ಪ್ರೊಸೆಸಿಂಗ್ ಮ್ಯಾಪ್’ಗಳ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈ.ವಿ.ಆರ್.ಕೆ. ಪ್ರಸಾದ್ ಅವರು ನಡೆಸಿದ ಕೆಲಸ ಜಗತ್ತಿನ ಫೋರ್ಜಿಂಗ್ ಎಂಜಿನಿಯರುಗಳಿಗೆ ಪರಿಚಿತ. ಅವರ ಸಂಕಲನ ‘ಹಾಟ್ ವರ್ಕಿಂಗ್ ಗೈಡ್’ 1997ರಲ್ಲಿ ಬಂತು.

ನಕ್ಷೆಯ ನಂತರ ಕಂಪ್ಯೂಟರಿನಲ್ಲಿ ಪ್ರಯೋಗ. ಅಚ್ಚು ಮುಚ್ಚಿದಾಗ ಲೋಹ ಮೂಲೆಮೂಲೆಗೂ ತಲುಪುತ್ತದೆಯೇ, ಅಚ್ಚು ಬೇಗ ಸವೆಯುತ್ತದೆಯೇ ಎಂದು ಅಲ್ಲೇ ನೋಡಿಕೊಳ್ಳುತ್ತಾರೆ. ಕೊನೆಗೆ ಪ್ರೆಸ್‌ನಲ್ಲಿ ನಿಜವಾದ ಪರೀಕ್ಷೆ.

ಫಲ ಎಂಥದ್ದು? 2021ರಲ್ಲಿ ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯ (ಡಿಎಂಆರ್‌ಎಲ್) ಜೆಟ್ ಎಂಜಿನ್ನಿನ ಕಂಪ್ರೆಸರ್ ಡಿಸ್ಕ್‌ಗಳನ್ನು ಟೈಟೇನಿಯಂ ಮಿಶ್ರಲೋಹದಲ್ಲಿ ಫೋರ್ಜ್ ಮಾಡುವ ತಂತ್ರ ಸಿದ್ಧಪಡಿಸಿತು. ಬಳಸಿದ್ದು 2,000 ಟನ್ ಪ್ರೆಸ್. ಅಚ್ಚನ್ನೂ ಲೋಹದಷ್ಟೇ ಬಿಸಿಯಲ್ಲಿಟ್ಟು ನಿಧಾನವಾಗಿ ಒತ್ತುವ ವಿಧಾನ ಅದು. ಕೆಲವೇ ದೇಶಗಳ ಕೈಯಲ್ಲಿರುವ ವಿದ್ಯೆ.

ಕೆಲವು ತಪ್ಪು ನಂಬಿಕೆಗಳು

*‘ಬಡಿದರೆ ಕಬ್ಬಿಣ ಒತ್ತಾಗಿ ಭಾರವಾಗುತ್ತದೆ.’* ಇಲ್ಲ. ಗಟ್ಟಿ ಉಕ್ಕಿನ ಸಾಂದ್ರತೆ ಬಡಿದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಒಳಗಿನ ಪೊಳ್ಳು ಮುಚ್ಚುತ್ತದೆ, ಕಣಗಳು ಸಣ್ಣದಾಗುತ್ತವೆ, ಲೋಹದ ಎಳೆಗಳು ಆಕಾರದ ಗುಂಟ ತಿರುಗುತ್ತವೆ. ಬಲ ಬರುವುದು ಇದರಿಂದ.

*‘ಕೆಂಪಗೆ ಕಾದರೆ ಸಾಕು.’* ಉಕ್ಕನ್ನು ಸಾಮಾನ್ಯವಾಗಿ 1,100ರಿಂದ 1,250 ಡಿಗ್ರಿಯ ನಡುವೆ ಬಡಿಯಲು ಶುರು ಮಾಡುತ್ತಾರೆ. ಆಗ ಬಣ್ಣ ಹಳದಿಯ ಕಡೆಗಿರುತ್ತದೆ. ಹೆಚ್ಚು ಕಾದರೆ ಲೋಹ ಸುಟ್ಟು ಹಾಳಾಗುತ್ತದೆ, ತಣ್ಣಗಾದ ಮೇಲೂ ಬಡಿಯುತ್ತಿದ್ದರೆ ಬಿರುಕು ಬಿಡುತ್ತದೆ.

*‘ಫೋರ್ಜ್ ಮಾಡಿದ್ದೇ ಯಾವಾಗಲೂ ಮೇಲು.’* ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ಗಾಲಿಗಳನ್ನು ಎರಕ ಹೊಯ್ಯುತ್ತಾರೆ, ಅಚ್ಚುಗಳನ್ನು, ಅಂದರೆ ಆಕ್ಸಲ್‌ಗಳನ್ನು, ಫೋರ್ಜ್ ಮಾಡುತ್ತಾರೆ. ಒಂದೇ ರೈಲು, ಎರಡು ದಾರಿ. ಯಾವುದು ಸರಿ ಎಂಬುದು ಆ ಭಾಗದ ಮೇಲೆ ಬೀಳುವ ಹೊರೆಗೆ, ಆಕಾರಕ್ಕೆ, ಖರ್ಚಿಗೆ ತಕ್ಕಂತೆ.

*‘ಬಾಗಿದ ಪಿನ್, ಕೊಕ್ಕೆ ಕಾಯಿಸಿ ನೆಟ್ಟಗೆ ಮಾಡಿದರೆ ಹೊಸದರಂತೆಯೇ.’* ಇದು ಅಪಾಯಕಾರಿ. ಟ್ರ್ಯಾಕ್ಟರ್ ಮತ್ತು ಟ್ರಾಲಿ ನಡುವಿನ ಪಿನ್ನಿನಂಥ ಭಾಗಗಳಿಗೆ ಕಾರ್ಖಾನೆಯಲ್ಲಿ ಹದ ಕೊಟ್ಟಿರುತ್ತಾರೆ. ಮತ್ತೆ ಕೆಂಪಗೆ ಕಾಯಿಸಿದರೆ ಆ ಹದ ಹೋಗುತ್ತದೆ. ನೋಡಲು ನೆಟ್ಟಗಿರುತ್ತದೆ, ಬಲ ಮಾತ್ರ ಇರುವುದಿಲ್ಲ. ಹೊರೆ ಹೊತ್ತು ಇಳಿಜಾರಿನಲ್ಲಿ ತುಂಡಾದರೆ ಹಿಂದೆ ಬರುವವರ ಜೀವಕ್ಕೆ ಸಂಚಕಾರ. ಹೊಸ ಪಿನ್ ಹಾಕಿಸಿ.

*‘ಕಬ್ಬಿಣ ಬಡಿಯಲು ಎಂಜಿನಿಯರಿಂಗ್ ಯಾಕೆ ಓದಬೇಕು?’* ಮೆಕ್ಯಾನಿಕಲ್ ಅಥವಾ ಲೋಹಶಾಸ್ತ್ರ ಓದುವ ಮಕ್ಕಳಿಗೆ ಮನೆಯಲ್ಲೇ ಕೇಳಿಬರುವ ಮಾತಿದು. ಕಾರಿನ ಕ್ರ್ಯಾಂಕ್‌ಶಾಫ್ಟ್, ವಿಮಾನದ ಡಿಸ್ಕ್, ರೈಲಿನ ಆಕ್ಸಲ್ ಎಲ್ಲವೂ ಈ ವಿದ್ಯೆಯ ಮೇಲೆ ನಿಂತಿವೆ. ಕಲಬುರಗಿಯಲ್ಲೇ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಂದ ಗೇಟ್ ಪರೀಕ್ಷೆ ಬರೆದು ಸುರತ್ಕಲ್‌ನ ಎನ್‌ಐಟಿಕೆ ಅಥವಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ಲೋಹಗಳ ಬಗ್ಗೆ ಮುಂದೆ ಓದುವ ದಾರಿ ತೆರೆದಿದೆ.

ಫಾರ್ವರ್ಡ್ ಮಾಡುವ ಮುನ್ನ

ತೋಪಿನ ಫೋಟೊ ಮತ್ತೆ ಬಂದರೆ ಅಳಿಸಬೇಕಿಲ್ಲ. ‘ಪಂಚಲೋಹ’, ‘ಜಗತ್ತಿನಲ್ಲೇ ಅತಿ ಉದ್ದ’ ಎಂಬ ಎರಡು ಮಾತು ತೆಗೆದು, ಬಳೆಗಳ ಕಡೆ ಬೆರಳು ತೋರಿಸಿ ಕಳಿಸಿ. ಪಟ್ಟಿಗೆ ಪಟ್ಟಿ, ಬಳೆಗೆ ಬಳೆ ಸೇರಿಸಿ 29 ಅಡಿ ಬೆಳೆಸಿದವರ ಹೆಸರು ಯಾವ ಸಂದೇಶದಲ್ಲೂ ಬರುವುದಿಲ್ಲ. ಅವರ ಕೆಲಸವಾದರೂ ಸರಿಯಾಗಿ ಹೇಳಲ್ಪಡಲಿ.